ಮಣ್ಣಿನ ಗೋಡೆ, ಬೇವಿನ ಗಿಡ, ಒಂದು ಪೆನ್ಸಿಲ್

ಫ್ರಾನ್ಸಿನ ಪಾಲ್ ಸೆಜಾನ್ ಪೆನ್ಸಿಲ್ಲಿನಲ್ಲಿ ಬರೆದ ಮರಗಳನ್ನು ಮೊದಲ ಸಲ ನೋಡಿದವರಿಗೆ ಚಿತ್ರ ಅರ್ಧಕ್ಕೇ ನಿಂತಿದೆ ಅನ್ನಿಸುತ್ತದೆ. ಎರಡೋ ಮೂರೋ ಕಾಂಡ, ಅವುಗಳ ಅಂಚಿನಲ್ಲಿ ಒಂದರ ಪಕ್ಕ ಒಂದು ಬಿದ್ದ ನಾಲ್ಕಾರು ಗೆರೆ, ಅಲ್ಲಲ್ಲಿ ಓರೆಯಾಗಿ ಎಳೆದ ಗೀಟುಗಳ ಗುಂಪು, ಉಳಿದದ್ದೆಲ್ಲ ಬಿಳಿ ಕಾಗದ. ಹಿಂದೆ ಗೋಡೆಯಿದ್ದರೆ ಅದಕ್ಕೆ ಒಂದು ಮೇಲಂಚು ಮಾತ್ರ. ಅದೂ ಕಾಂಡದ ಹತ್ತಿರ ಬಂದಲ್ಲಿ ಕಡಿದುಹೋಗಿರುತ್ತದೆ. ಅದೇ ಹಾಳೆಯನ್ನು ಸ್ವಲ್ಪ ದೂರದಲ್ಲಿಟ್ಟು ನೋಡಿ. ಗೋಡೆ ಹಿಂದೆ ಸರಿದು ಗಟ್ಟಿಯಾಗಿ ನಿಲ್ಲುತ್ತದೆ, ಕಾಂಡ ದುಂಡಗಾಗುತ್ತದೆ, ಎರಡರ ನಡುವೆ ಆಳು ನಡೆದುಹೋಗುವಷ್ಟು ಜಾಗ ತೆರೆಯುತ್ತದೆ. ಆ ಜಾಗವನ್ನು ಅವನು ಎಲ್ಲಿಯೂ ಬರೆದಿಲ್ಲ. ಬರೆಯದೆ ಅದನ್ನು ತರಿಸಿದ್ದು ಹೇಗೆ ಎಂಬುದನ್ನು ಬಿಡಿಸಿ ಹೇಳಬೇಕೆಂದು ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿತ್ತು. ಹೇಳುವುದಕ್ಕೆ ಅಣ್ಣಿಗೇರಿ, ನವಲಗುಂದದ ಕಡೆಯ ಗಿಡ-ಗೋಡೆಗಳನ್ನೇ ಇಟ್ಟುಕೊಳ್ಳುತ್ತೇನೆ. ಓದಿದವರು ಎದ್ದುಹೋಗಿ ಹಿತ್ತಲಿನಲ್ಲೇ ಪರೀಕ್ಷೆ ಮಾಡಿ ನೋಡಬಹುದು.

ಸೆಜಾನ್ (1839–1906), ವಿನ್ಸೆಂಟ್ ವ್ಯಾನ್ ಗೋ (1853–1890), ಪಾಲ್ ಗೋಗ್ಯಾಂ, ಜಾರ್ಜ್ ಸೆರಾ ಇವರನ್ನೆಲ್ಲ ಸೇರಿಸಿ ಪೋಸ್ಟ್ ಇಂಪ್ರೆಷನಿಸ್ಟರು ಎನ್ನುತ್ತಾರೆ. ಅವರಲ್ಲಿ ಯಾರೂ ತಮ್ಮನ್ನು ಹಾಗೆ ಕರೆದುಕೊಂಡವರಲ್ಲ. 1910ರಲ್ಲಿ ಲಂಡನ್ನಿನ ಗ್ರಾಫ್ಟನ್ ಗ್ಯಾಲರಿಯಲ್ಲಿ ಇವರ ಕೃತಿಗಳ ಪ್ರದರ್ಶನ ಏರ್ಪಡಿಸಿದ ವಿಮರ್ಶಕ ರೋಜರ್ ಫ್ರೈ ಕೊಟ್ಟ ಹೆಸರು ಅದು. ಅಷ್ಟು ಹೊತ್ತಿಗೆ ನಾಲ್ವರೂ ತೀರಿಕೊಂಡಿದ್ದರು. ಇವರಿಗಿಂತ ಮುಂಚಿನ ಇಂಪ್ರೆಷನಿಸ್ಟರು ಕ್ಷಣಕ್ಷಣಕ್ಕೆ ಬದಲಾಗುವ ಬೆಳಕಿನ ಬೆನ್ನು ಹತ್ತಿದ್ದರು. ಆ ಬೆಳಕು ಸರಿದ ಮೇಲೂ ನಿಲ್ಲುವಂಥದ್ದು ಏನಿದೆ ಎಂದು ಇವರು ಹುಡುಕಿದರು. ಗೋಡೆ ಮತ್ತು ಮರ ಎರಡೂ ನಿಲ್ಲುವ ವಸ್ತುಗಳೇ. ಗೋಡೆ ಮನುಷ್ಯ ಕಟ್ಟಿದ್ದು, ನೇರ ಇರಬೇಕೆಂಬ ಬಯಕೆಯದ್ದು. ಮರ ತನಗೆ ಬೆಳಕು ಸಿಕ್ಕ ಕಡೆ ತಿರುಗಿ ಬೆಳೆದದ್ದು. ಇವೆರಡನ್ನು ಒಂದೇ ಹಾಳೆಯಲ್ಲಿ ಹತ್ತಿರ ತಂದರೆ ಚಿತ್ರಕಾರನಿಗೆ ಬೇರೆ ಕಥೆ ಬೇಕಾಗುವುದಿಲ್ಲ.

ಸೆಜಾನ್‌ಗೆ ಇಂಥ ಜಾಗ ಮನೆಯಲ್ಲೇ ಸಿಕ್ಕಿತು. ಅವನ ತಂದೆ ಬ್ಯಾಂಕು ನಡೆಸುತ್ತಿದ್ದವನು, 1859ರಲ್ಲಿ ತಮ್ಮೂರಾದ ಎಕ್ಸ್ ಪಟ್ಟಣದ ಹೊರಗೆ ಜಾ ದ ಬುಫಾಂ ಎಂಬ ತೋಟದ ಮನೆಯನ್ನು ಕೊಂಡ. 1899ರಲ್ಲಿ ಅದು ಮಾರಾಟವಾಗುವ ತನಕ, ಅಂದರೆ ನಲವತ್ತು ವರ್ಷ, ಅಲ್ಲಿಯ ಚೆಸ್ಟ್‌ನಟ್ ಮರಗಳ ಸಾಲು, ಕೊಳ, ತೋಟದ ಕಟ್ಟಡಗಳು ಮಗನ ಚಿತ್ರಗಳಲ್ಲಿ ಬರುತ್ತಲೇ ಇದ್ದವು. ಚಳಿಗಾಲದಲ್ಲಿ ಎಲೆ ಉದುರಿಸಿದ ಆ ಮರಗಳನ್ನು ಅವನು ಬರೆದದ್ದನ್ನು ನೋಡಿದರೆ, ಎಲೆಯಿಲ್ಲದ ಕಾಲವೇ ಗಿಡ ಕಲಿಯುವ ಕಾಲ ಎಂದು ಗೊತ್ತಾಗುತ್ತದೆ.

ನಮ್ಮ ಕಡೆ ಆ ಕಾಲ ಮಾಘ-ಫಾಲ್ಗುಣದಲ್ಲಿ ಬರುತ್ತದೆ. ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ ಕಲಘಟಗಿ ಕೆಂಪು ನೆಲ, ತೇಗ-ಮತ್ತಿಗಳ ಕಾಡಂಚು. ಅಲ್ಲಿ ಮರದ ಹಿಂದೆ ಮರ, ಅದರ ಹಿಂದೆ ಮತ್ತೊಂದು ಮರ. ಹೊಸದಾಗಿ ಪೆನ್ಸಿಲ್ ಹಿಡಿದವರಿಗೆ ದಾರಿ ತಪ್ಪುತ್ತದೆ. ಪೂರ್ವಕ್ಕೆ ಕುಂದಗೋಳ, ಅಣ್ಣಿಗೇರಿ, ನವಲಗುಂದ ದಾಟುತ್ತಿದ್ದಂತೆ ಎರೆಭೂಮಿ. ಕಣ್ಣು ಹಾಯುವಷ್ಟು ಬಯಲು. ಬದುವಿನ ಮೇಲೆ ಒಂಟಿ ಜಾಲಿ, ಊರೊಳಗೆ ಬೇವು, ಹುಣಸೆ, ಬನ್ನಿ. ಊರೊಳಗಿನ ಗಿಡ ಸಾಮಾನ್ಯವಾಗಿ ಯಾವುದೋ ಗೋಡೆಯ ಆಸರೆಯಲ್ಲಿ ಬೆಳೆದಿರುತ್ತದೆ. ದನ ಮೇಯದಿರಲಿ ಎಂದು ಸಸಿಗೆ ಮುಳ್ಳು ಕಟ್ಟಿದ್ದು ಗೋಡೆಯ ಬುಡದಲ್ಲೇ. ಬಚ್ಚಲ ನೀರು ಹರಿದು ಬರುವುದೂ ಅಲ್ಲಿಗೇ. ಹೀಗಾಗಿ ಮ್ಯಾಳಿಗೆ ಮನೆಯ ಚೌಕಟ್ಟು, ಹೊಟ್ಟು ಕಲಸಿ ಮೆತ್ತಿದ ಮಣ್ಣಿನ ಗೋಡೆ, ಅದಕ್ಕೆ ಮೈ ತಾಗಿಸಿಕೊಂಡು ಮೇಲೆದ್ದ ಗಿಡ, ಇದು ಈ ಸೀಮೆಯ ಓಣಿ ಓಣಿಯಲ್ಲೂ ಸಿಗುತ್ತದೆ. ಚಿತ್ರ ಕಲಿಯುವವರಿಗೆ ಇಷ್ಟು ಅನುಕೂಲದ ನೆಲ ಬೇರೆ ಕಡೆ ನಾನು ಕಂಡದ್ದು ಕಡಿಮೆ.

ಮೊದಲು ಸಲಕರಣೆ. ನಾವು ಸೀಸದಕಡ್ಡಿ ಎಂದು ಕರೆಯುತ್ತ ಬಂದ ಪೆನ್ಸಿಲ್ಲಿನಲ್ಲಿ ಸೀಸವಿಲ್ಲ. ಅದು ಗ್ರಾಫೈಟ್ ಮತ್ತು ಜೇಡಿಮಣ್ಣು. ಹಿಂದೆ ಇಂಗ್ಲೆಂಡಿನ ಬಾರೋಡೇಲ್ ಗಣಿಯ ಶುದ್ಧ ಗ್ರಾಫೈಟನ್ನೇ ಕಡ್ಡಿಯಾಗಿ ಕೊಯ್ದು ಬಳಸುತ್ತಿದ್ದರು. ಯುದ್ಧದಿಂದ ಆ ಸರಕು ಫ್ರಾನ್ಸಿಗೆ ಬರದಂತಾದಾಗ, ನಿಕೊಲಾ ಜಾಕ್ ಕೊಂಟೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಮಾಡಿ, ಭಟ್ಟಿಯಲ್ಲಿ ಸುಡುವ ಉಪಾಯ ಕಂಡುಹಿಡಿದು 1795ರಲ್ಲಿ ಹಕ್ಕುಪತ್ರ ಪಡೆದ. ಮಣ್ಣು ಹೆಚ್ಚಾದರೆ ಕಡ್ಡಿ ಗಡುಸು, ಗೆರೆ ತಿಳಿ. ಮಣ್ಣು ಕಡಿಮೆಯಾದರೆ ಕಡ್ಡಿ ಮೆದು, ಗೆರೆ ಕಪ್ಪು. ಪೆನ್ಸಿಲ್ಲಿನ ಹಿಂಭಾಗದಲ್ಲಿ ಎಚ್, ಬಿ ಎಂದು ಬರೆದಿರುವುದು ಈ ಲೆಕ್ಕವನ್ನೇ. ಗೋಡೆ-ಗಿಡದ ಕೆಲಸಕ್ಕೆ ಒಂದು ಎಚ್‌ಬಿ, ಒಂದು 4ಬಿ ಸಾಕು. ಹತ್ತು ಬಗೆಯ ಪೆನ್ಸಿಲ್ ಇಟ್ಟುಕೊಂಡು ಕೂತರೆ ಕಣ್ಣು ಗಿಡದ ಮೇಲಿರುವುದಿಲ್ಲ, ಡಬ್ಬಿಯ ಮೇಲಿರುತ್ತದೆ.

ವ್ಯಾನ್ ಗೋ 1882ರಲ್ಲಿ ಹೇಗ್ ನಗರದಲ್ಲಿದ್ದಾಗ ಬಡಗಿಗಳು ಹಲಗೆಗೆ ಗುರುತು ಹಾಕುವ ದಪ್ಪ ಪೆನ್ಸಿಲ್ಲನ್ನೇ ಮೆಚ್ಚಿ ಬಳಸಿದ. ಅದರ ಕಡ್ಡಿ ಚಪ್ಪಟೆ. ಒಂದು ಮಗ್ಗುಲಲ್ಲಿ ಹಿಡಿದರೆ ಅಗಲ ಗೀಟು, ಇನ್ನೊಂದು ಮಗ್ಗುಲಲ್ಲಿ ಸಣ್ಣ ಗೆರೆ. ಗ್ರಾಫೈಟ್ ಗಾಢವಾದಲ್ಲಿ ಹೊಳೆಯುತ್ತದೆ, ಹೊಳಪು ಕಣ್ಣಿಗೆ ಅಡ್ಡಬರುತ್ತದೆ ಎಂದು ಅವನು ದಪ್ಪ ಕಾಗದದ ಮೇಲೆ ಬರೆದು ಅದಕ್ಕೆ ಹಾಲು ಸವರುತ್ತಿದ್ದ. ಹಾಲು ಒಣಗಿದ ಮೇಲೆ ಹೊಳಪು ಹೋಗಿ ಮಂದವಾದ ಕಪ್ಪು ಉಳಿಯುತ್ತದೆ, ಗೆರೆಯೂ ಅಳಿಸಿಹೋಗುವುದಿಲ್ಲ. ದುಬಾರಿ ಸಾಮಾನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ ನಿಜ. ಆದರೆ ಈ ಆಯ್ಕೆಯ ಹಿಂದೆ ಬಡತನಕ್ಕಿಂತ ದೊಡ್ಡದೊಂದು ತಿಳಿವಳಿಕೆಯಿದೆ: ದಪ್ಪ ಪೆನ್ಸಿಲ್ ಕೈಗೆ ನಾಜೂಕು ಮಾಡಲು ಬಿಡುವುದಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವವರ ಬಳಿಯಾಗಲಿ, ನಿಮ್ಮೂರಿನ ಬಡಿಗೇರ ಮನೆಯಲ್ಲಾಗಲಿ ಅಂಥದ್ದೊಂದು ಪೆನ್ಸಿಲ್ ಇದ್ದೇ ಇರುತ್ತದೆ. ಒಮ್ಮೆ ಕೇಳಿ ಪಡೆದು ಜಾಲಿಯ ಬೊಡ್ಡೆಯೊಂದನ್ನು ಬರೆದು ನೋಡಬೇಕು. ಕಪ್ಪಗೆ, ಉದ್ದುದ್ದ ಬಿರುಕು ಬಿಟ್ಟ ಅದರ ತೊಗಟೆ ಆ ಅಗಲ ಗೀಟಿಗೆ ಹೇಳಿ ಮಾಡಿಸಿದ್ದು.

ಇನ್ನು ಕೂರುವ ಹೊತ್ತು. ಸೆಜಾನನ ಊರು ಭೂಮಧ್ಯರೇಖೆಯಿಂದ ಬಹಳ ಉತ್ತರಕ್ಕಿದೆ, ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ. ಮಧ್ಯಾಹ್ನವೂ ನೆರಳು ಓರೆಯಾಗಿ ಬೀಳುತ್ತದೆ. ನಮ್ಮಲ್ಲಿ ಹಾಗಲ್ಲ. ಏಪ್ರಿಲ್ ಕೊನೆ, ಮೇ ಮೊದಲಿಗೆ ಬಿಸಿಲು ನಡುಮಧ್ಯಾಹ್ನ ನೆಟ್ಟಗೆ ತಲೆಯ ಮೇಲೆ. ಆಗ ಗೋಡೆಗೂ ನೆರಳಿಲ್ಲ, ಕಾಂಡಕ್ಕೂ ದುಂಡಿಲ್ಲ, ಎಲ್ಲ ಚಪ್ಪಟೆ. ಬೆಳಗಿನ ಒಂಬತ್ತರೊಳಗೆ, ಇಲ್ಲವೇ ಸಂಜೆ ದನ ಮರಳುವ ಹೊತ್ತಿಗೆ ಕೂತರೆ ಬೆಳಕು ಗೋಡೆಯ ಮೈ ಸವರಿಕೊಂಡು ಬರುತ್ತದೆ. ಕೈಯಿಂದ ಮೆತ್ತಿದ ಮಣ್ಣಿನ ಉಬ್ಬುತಗ್ಗು, ಕುಳ್ಳು ತಟ್ಟಿ ಕಿತ್ತ ಗುರುತು, ಗಿಡದ ನೆರಳು ಎಲ್ಲವೂ ಎದ್ದು ಕಾಣುತ್ತವೆ.

ಎಲ್ಲಿ ಕೂರಬೇಕು ಎಂಬುದಕ್ಕೂ ಒಂದು ಮಾತಿದೆ. ಗೋಡೆಗೆ ಎದುರಾಗಿ ನೇರ ಕೂತರೆ ಅದು ಹಾಳೆಯಲ್ಲಿ ಬರೀ ಪಟ್ಟಿಯಾಗುತ್ತದೆ. ತುಸು ಪಕ್ಕಕ್ಕೆ ಸರಿದು ಕೂತರೆ ಮೇಲಂಚು ಇಳಿಯುತ್ತ ದೂರ ಹೋಗುತ್ತದೆ, ಬುಡದ ಗೆರೆ ಏರುತ್ತ ಹೋಗುತ್ತದೆ, ನಡುವೆ ಗಿಡ ಅಳತೆಗೋಲಿನಂತೆ ನಿಲ್ಲುತ್ತದೆ. ಈ ಇಳಿಜಾರನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ. ವ್ಯಾನ್ ಗೋ ಇದಕ್ಕೆಂದೇ ಮರದ ಚೌಕಟ್ಟೊಂದನ್ನು ಮಾಡಿಸಿಕೊಂಡಿದ್ದ. ಅದರಲ್ಲಿ ದಾರ ಬಿಗಿದು, ನೆಲಕ್ಕೆ ಊರುವ ಕಾಲು ಹಚ್ಚಿಸಿ, ಅದರ ಮೂಲಕ ನೋಡಿ ಬರೆಯುತ್ತಿದ್ದ. ಹಳೆಯ ಸ್ಲೇಟಿನ ಕಟ್ಟಿಗೆ ಚೌಕಟ್ಟಿಗೆ ಅಡ್ಡ ಒಂದು, ಉದ್ದ ಒಂದು ದಾರ ಕಟ್ಟಿದರೂ ಅದೇ ಕೆಲಸವಾಗುತ್ತದೆ. ಸೆಜಾನ್ ತೀರಿಹೋಗುವುದಕ್ಕೆ ತಿಂಗಳೊಂದರ ಮುಂಚೆ, 1906ರ ಸೆಪ್ಟೆಂಬರಿನಲ್ಲಿ, ಹೊಳೆ ದಂಡೆಯಲ್ಲಿ ಕೂತು ಬರೆಯುತ್ತಿರುವ ಬಗ್ಗೆ ಮಗನಿಗೆ ಪತ್ರ ಹಾಕಿದ್ದ. ಕೂತಲ್ಲಿಂದ ಏಳದೆ ಸ್ವಲ್ಪ ಬಲಕ್ಕೋ ಸ್ವಲ್ಪ ಎಡಕ್ಕೋ ವಾಲಿದರೆ ಸಾಕು, ತಿಂಗಳುಗಟ್ಟಲೆ ಕೆಲಸಕ್ಕೆ ಆಗುವಷ್ಟು ಚಿತ್ರಗಳು ಅಲ್ಲೇ ಇವೆ ಎಂಬುದು ಅವನ ಮಾತಿನ ತಾತ್ಪರ್ಯ. ಅರವತ್ತೇಳರ ಹಿರಿಯ, ಜೀವಮಾನವೆಲ್ಲ ನೋಡಿದ ಊರನ್ನು ಕುರಿತು ಹಾಗೆ ಬರೆದ ಎಂಬುದು ನನಗೆ ಇವತ್ತಿಗೂ ದೊಡ್ಡ ಧೈರ್ಯ ಕೊಡುವ ಸಂಗತಿ.

ಈಗ ಗೆರೆಗೆ ಬರೋಣ. ಶಾಲೆಯಲ್ಲಿ ಕಲಿತ ಕ್ರಮದಲ್ಲಿ ಮೊದಲು ಗಿಡದ ಸುತ್ತಲಿನ ಅಂಚು ಬರೆದು, ಆಮೇಲೆ ಒಳಗೆ ತುಂಬುತ್ತೇವೆ. ಇಲ್ಲಿ ಹಾಗೆ ಮಾಡಬಾರದು. ಮೊದಲು ನೋಡಬೇಕಾದದ್ದು ಗಿಡಕ್ಕೂ ಗೋಡೆಗೂ ನಡುವೆ ಉಳಿದ ಖಾಲಿ ಜಾಗದ ಆಕಾರವನ್ನು. ಬೇವಿನ ಕಾಂಡ ಗೋಡೆಯ ಮೇಲಂಚನ್ನು ದಾಟುವಲ್ಲಿ ಎಡಕ್ಕೆ ಒಂದು ಮುಕ್ಕೋನ ಬೀಳುತ್ತದೆ, ಎರಡು ಕೊಂಬೆ ಕವಲೊಡೆದಲ್ಲಿ ಆಕಾಶದ ಒಂದು ತುಂಡು ಸಿಕ್ಕಿಕೊಳ್ಳುತ್ತದೆ. ಆ ತುಂಡುಗಳನ್ನು ಸರಿಯಾಗಿ ಇಟ್ಟರೆ ಗಿಡ ತಾನಾಗಿ ಸರಿಯಾಗುತ್ತದೆ.

ಸೆಜಾನನ ಅಂಚಿನ ಗೆರೆ ಒಂದೇ ಇರುವುದಿಲ್ಲ. ಕಾಂಡದ ಒಂದು ಮಗ್ಗುಲಿಗೆ ಮೂರು ನಾಲ್ಕು ಗೆರೆ, ಒಂದಕ್ಕೊಂದು ಕೂದಲೆಳೆಯಷ್ಟು ದೂರ. ಅವನಿಗೆ ಸರಿಯಾದ ಗೆರೆ ಸಿಗಲಿಲ್ಲವೆಂದು ಬಹಳ ಜನ ತಿಳಿದರು. ನಾನು ಅದನ್ನು ಬೇರೆ ರೀತಿಯಲ್ಲಿ ನೋಡುತ್ತೇನೆ. ದುಂಡಗಿನ ವಸ್ತುವಿಗೆ ನಿಜವಾಗಿ ಅಂಚೆಂಬುದಿಲ್ಲ. ಅದು ಹಿಂದಕ್ಕೆ ತಿರುಗುತ್ತ ಹೋಗುತ್ತದೆ, ನಾವು ತಲೆ ಅಲುಗಿಸಿದಂತೆ ಅದರ ಕೊನೆಯೂ ಸರಿಯುತ್ತದೆ. ಒಂದೇ ಗಟ್ಟಿ ಗೆರೆ ಹಾಕಿದರೆ ಕಾಂಡ ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದ ಹಾಗಾಗುತ್ತದೆ. ಹಲವು ಗೆರೆಗಳ ನಡುವೆ ಕಣ್ಣು ಆಡಿದಾಗ ಕಾಂಡ ತಿರುಗುತ್ತದೆ. ಆದ್ದರಿಂದ ರಬ್ಬರು ದೂರವಿರಲಿ. ಮೊದಲ ಗೆರೆ ಸರಿಯಿಲ್ಲ ಅನ್ನಿಸಿದರೆ ಅದನ್ನು ಬಿಟ್ಟು ಪಕ್ಕದಲ್ಲಿ ಇನ್ನೊಂದು ಹಾಕಬೇಕು. ಎರಡೂ ಸೇರಿ ಕೆಲಸ ಮಾಡುತ್ತವೆ.

ಇದರ ಮೇಲೆ ಓರೆ ಗೀಟು ಬರುತ್ತದೆ. ಈ ಕಸುಬಿನ ತಿರುಳು ಇಲ್ಲಿದೆ ಎಂದು ನನ್ನ ನಂಬಿಕೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಸಾಮಾನ್ಯ ಛಾಯೆಯ ಕ್ರಮದಲ್ಲಿ ಗೀಟು ವಸ್ತುವಿನ ಮೈಯನ್ನು ಅನುಸರಿಸುತ್ತದೆ: ಕಾಂಡಕ್ಕೆ ಬಳಸಿ ಬಂದ ಗೀಟು, ಗೋಡೆಗೆ ಅಡ್ಡ ಗೀಟು, ನೆಲಕ್ಕೆ ಮಲಗಿದ ಗೀಟು. ಸೆಜಾನ್ ಒಂದೇ ದಿಕ್ಕಿಗೆ, ಮೇಲಿನಿಂದ ಕೆಳಕ್ಕೆ ಓರೆಯಾಗಿ, ಒತ್ತಾಗಿ ಗೀಟು ಹಾಕುತ್ತಾನೆ. ಕೂರಿಗೆ ಹೊಲದ ಉಬ್ಬುತಗ್ಗು ನೋಡದೆ ಈ ಬದುವಿನಿಂದ ಆ ಬದುವಿಗೆ ಒಂದೇ ಸಮನೆ ಸಾಲು ಬಿಡುವಂತೆ ಅವನ ಗೀಟುಗಳು ಕಾಂಡದಿಂದ ನೆರಳಿಗೆ, ನೆರಳಿನಿಂದ ಗೋಡೆಗೆ ದಾಟಿಹೋಗುತ್ತವೆ. ಅದರಿಂದ ಎರಡು ಲಾಭ. ಗಿಡವೂ ಗೋಡೆಯೂ ಒಂದೇ ಬೆಳಕಿನಲ್ಲಿ, ಒಂದೇ ಗಾಳಿಯಲ್ಲಿ ಇವೆ ಎಂದು ತಿಳಿಯುತ್ತದೆ. ಮತ್ತೆ, ಗೀಟಿನ ಗುಂಪು ಎಲ್ಲಿ ನಿಲ್ಲುತ್ತದೋ ಅಲ್ಲಿ ಅಂಚಿನ ಗೆರೆಯಿಲ್ಲದೆಯೇ ಅಂಚು ಹುಟ್ಟುತ್ತದೆ. ಗೋಡೆಯ ಕಡೆ ಗೀಟು ಹಾಕಿ ಕಾಂಡದ ಹತ್ತಿರ ನಿಲ್ಲಿಸಿದರೆ ಕಾಂಡ ಬಿಳಿಯಾಗಿ ಮುಂದೆ ಬರುತ್ತದೆ. ತುಸು ಕೆಳಗೆ, ಅದೇ ಕಾಂಡದ ನೆರಳು ಮಗ್ಗುಲಿಗೆ ಗೀಟು ಹಾಕಿ ಗೋಡೆಯನ್ನು ಖಾಲಿ ಬಿಟ್ಟರೆ ಗೋಡೆ ಬಿಸಿಲಿಗೆ ಬರುತ್ತದೆ. ಒಂದೇ ಕಾಂಡದ ಉದ್ದಕ್ಕೆ ಹೀಗೆ ಕಪ್ಪು-ಬಿಳಿ ಜಾಗ ಬದಲಿಸಿಕೊಳ್ಳುತ್ತ ಹೋಗುತ್ತವೆ. ಗೋಡೆಯಿಂದ ಗಿಡ, ಗಿಡದಿಂದ ಗೋಡೆ. ಎರಡರಲ್ಲಿ ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತೇನೆಂದರೆ ಈ ಕೆಲಸ ಆಗುವುದಿಲ್ಲ.

ಎಲೆಯ ಮಾತು ಉಳಿಯಿತು. ಅಣ್ಣಿಗೇರಿ ಸಮೀಪದ ಹಳ್ಳಿಯೊಂದರಲ್ಲಿ ನಾನು ಕೂತಿದ್ದಾಗ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಎದ್ದು ಬಂದು ಬೆನ್ನ ಹಿಂದೆ ನಿಂತರು.

“ಏನ್ ಬರಿಯಾಕತ್ತೀರಿ ಸರ?”

“ನಿಮ್ಮ ಬೇವಿನ ಗಿಡಾರೀ, ಅಜ್ಜಾರ.”

“ಗಿಡ ಬಂದೈತಿ ಖರೆ. ಎಲಿನ ಇಲ್ಲಲ್ರಿ?”

ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅವರು ಕೈಚಾಚಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. “ಹಾಂ, ದೂರಿಂದ ನೋಡಬೇಕಿದನ್ನ. ಈಗ ಬೇವು ಕಾಣತೈತಿ” ಎಂದು ಮರಳಿ ಕೊಟ್ಟರು. ಎಲೆ ಬರೆದಿರಲಿಲ್ಲ. ಬೇವಿನ ತಲೆ ತುಂಬಿರುವಲ್ಲಿ ಗೊಂಚಲು ಗೊಂಚಲಾಗಿ ಬಾಗಿ ಇಳಿಯುತ್ತದೆ. ಆ ಬಾಗುವಿಕೆಯಷ್ಟನ್ನೇ ಕೆಲವು ಗೀಟುಗಳಲ್ಲಿ ಹಿಡಿದಿದ್ದೆ.

ಪ್ರತಿ ಗಿಡದ ನಡೆ ಬೇರೆ. ಹುಣಸೆಯ ತಲೆ ದಟ್ಟ, ಅದನ್ನು ಒಂದೇ ದೊಡ್ಡ ರಾಶಿಯಾಗಿ ನೋಡಿ ಬುಡದ ಕತ್ತಲೆಯನ್ನು ಮೊದಲು ಹಾಕಬೇಕು. ಜಾಲಿಯ ಎಲೆ ಎಷ್ಟು ಸಣ್ಣದೆಂದರೆ ಗೀಟಿಗೂ ಸಿಗುವುದಿಲ್ಲ. ಅಲ್ಲಿ ಕೊಂಬೆಯ ಮುರಿಮುರಿದ ಓಟವನ್ನು ಬರೆದು ತಲೆಯನ್ನು ತೆಳು ಮಂಜಿನಷ್ಟಕ್ಕೆ ಬಿಡಬೇಕು. ಬನ್ನಿಯ ಕೊಂಬೆಗಳು ತೆಳ್ಳಗೆ ಬಾಗಿ ಜೋಲುತ್ತವೆ. ದಸರೆಯಲ್ಲಿ ಜನ ಕಿತ್ತ ಮೇಲೆ ಅದರ ಕೆಳ ಮಗ್ಗುಲೇ ಬೇರೆಯಾಗಿರುತ್ತದೆ.

ಗೋಡೆಗೆ ಮೂರು ಕಡೆ ಮಾತ್ರ ಗಮನ ಕೊಟ್ಟರೆ ಸಾಕು. ಒಂದು, ಮೇಲಂಚು. ಮಣ್ಣಿನ ಗೋಡೆಯದು ಎಂದೂ ನೇರವಿರುವುದಿಲ್ಲ, ಮಳೆಗೆ ಕರಗಿ ಸೊರಗಿರುತ್ತದೆ. ಕೆಲವೆಡೆ ಜಾಲಿಮುಳ್ಳು ಹೊದಿಸಿರುತ್ತಾರೆ. ಎರಡು, ಬುಡ. ಸೂರಿನ ನೀರು ಬಡಿದು ಬಡಿದು ಬುಡ ಒಳಗೆ ಸವೆದು ಅಲ್ಲೊಂದು ಸಣ್ಣ ಕತ್ತಲ ಪಟ್ಟಿ ಇರುತ್ತದೆ. ಆ ಪಟ್ಟಿ ಬಂದರೆ ಗೋಡೆಗೆ ತೂಕ ಬರುತ್ತದೆ. ಮೂರನೆಯದು ಗಿಡದ ನೆರಳು ಬಿದ್ದ ಜಾಗ. ನೆರಳು ಗೋಡೆಯ ಉಬ್ಬುತಗ್ಗನ್ನು ಏರಿ ಇಳಿದು ಹೋಗುವುದರಿಂದ ಗೋಡೆಯ ಮೈ ಹೇಗಿದೆ ಎಂದು ಅದೇ ಹೇಳಿಬಿಡುತ್ತದೆ. ಉಳಿದ ಗೋಡೆ ಬಿಳಿ ಕಾಗದ. ಬಿರುಕು, ಕುಳ್ಳು, ಸುಣ್ಣದ ಪಟ್ಟಿ ಎಲ್ಲವನ್ನೂ ಬರೆಯುವ ಆಸೆಯಾಗುತ್ತದೆ. ಒಂದೆರಡು ಕುಳ್ಳು ಬರೆದು ಬಿಟ್ಟರೆ ನೋಡುವವರು ಉಳಿದವನ್ನು ತಾವೇ ಕಾಣುತ್ತಾರೆ.

ಸೆಜಾನ್ ಒಬ್ಬನದೇ ದಾರಿ ಎಂದು ನಾನು ಹೇಳುತ್ತಿಲ್ಲ. ಅವನ ಮರ ಗಂಭೀರ, ಅಳೆದು ತೂಗಿದ್ದು. ವ್ಯಾನ್ ಗೋನ ಮರಕ್ಕೆ ನೋವಿದೆ. 1882ರಲ್ಲಿ ಅವನು ಬಿರುಗಾಳಿಗೆ ಅರ್ಧ ಕಿತ್ತುಬಂದ ಬೇರುಗಳ ಮರವೊಂದನ್ನು ಬರೆದ. ಅದೇ ದಿನಗಳಲ್ಲಿ ಬರೆದ ದುಃಖಿತ ಹೆಂಗಸಿನ ಚಿತ್ರದಲ್ಲಿರುವ ಭಾವವನ್ನೇ ಈ ಬೇರುಗಳಲ್ಲೂ ತರಬಯಸಿದ್ದಾಗಿ ತಮ್ಮ ಥಿಯೋಗೆ ತಿಳಿಸಿದ್ದ. ಮರವನ್ನು ಜೀವವಿರುವ ವ್ಯಕ್ತಿಯೆಂದೇ ನೋಡಿ ಬರೆದರೆ ಸುತ್ತಲಿನದು ತಾನಾಗಿ ಬರುತ್ತದೆ ಎಂದು ನಂಬಿದ್ದವನು ಅವನು. 1889ರ ಮೇ ತಿಂಗಳಿನಿಂದ ಒಂದು ವರ್ಷ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಅವನ ಕಿಟಕಿಯ ಹೊರಗೆ ಗೋಡೆ ಸುತ್ತಿದ ಗೋದಿಹೊಲವಿತ್ತು, ಆಸ್ಪತ್ರೆಯ ತೋಟದಲ್ಲಿ ಪೈನ್ ಮರಗಳಿದ್ದವು. ಆ ಗೋಡೆ ಮತ್ತೆ ಮತ್ತೆ ಅವನ ಚಿತ್ರಗಳಲ್ಲಿ ಬಂತು. ಬೇಕೆಂದಾಗ ಹೊರಗೆ ಹೋಗಲಾರದವನಿಗೆ ಗೋಡೆ ಏನಾಗಿತ್ತೆಂದು ಆ ಗೆರೆಗಳನ್ನು ನೋಡಿದರೆ ತಿಳಿಯುತ್ತದೆ. ಸೆರಾ ಇವರಿಬ್ಬರಿಗಿಂತ ಬೇರೆ: ಒರಟು ಕಾಗದದ ಮೇಲೆ ಕೊಂಟೆ ಕಡ್ಡಿಯನ್ನು ತೇಲಿಸಿ, ಗೆರೆಯೇ ಇಲ್ಲದೆ ಕಪ್ಪಿನೊಳಗಿಂದ ಮರ ತೆಗೆಯುತ್ತಿದ್ದ.

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಕಲಿತು, ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾಂಗೂ ಹೋಗಿ ಬಂದರು. ಗೋಗ್ಯಾಂನ ಬಣ್ಣ ಅವರನ್ನು ಸೆಳೆದಿತ್ತು. ಆದರೆ ಅವರ ರೇಖಾಚಿತ್ರಗಳಲ್ಲಿ ಒಂದೇ ಗೆರೆ ಎದ್ದು, ಬಾಗಿ, ಓಡಿ ಮುಗಿಯುವುದನ್ನು ನೋಡಿದರೆ ಅದು ಇಲ್ಲಿಯದೇ ಲಯ. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಜೆ.ಜೆ. ಶಾಲೆಯ ಪಾಠಕ್ರಮ ಈ ಕಡೆಯ ಚಿತ್ರಕಲಾ ಶಿಕ್ಷಕರಿಗೂ ಬಂತು. ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಕಟ್ಟಿದ ಕಲಾಶಾಲೆಯಿಂದ ಪೆನ್ಸಿಲ್ ಹಿಡಿಯುವುದನ್ನು ಕಲಿತವರು ಹಳ್ಳಿ ಹಳ್ಳಿಯ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರರಾದರು. ಲೋವರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂತ ಮಕ್ಕಳಿಗೆ ಆ ಶಿಸ್ತು ಗೊತ್ತು. ಅದರ ಬಗ್ಗೆ ನನಗೆ ಗೌರವವಿದೆ. ಒಂದು ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ: ಗೀಟು ಹಾಕಿ ಹೆಬ್ಬೆರಳಿನಿಂದ ಉಜ್ಜಿ ನುಣುಪು ಮಾಡುವ ಅಭ್ಯಾಸ. ಉಜ್ಜಿದ ಕೂಡಲೇ ಕಾಗದದ ಬಿಳಿ ಸಾಯುತ್ತದೆ, ಕೈ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೆಂಬ ಗುರುತು ಅಳಿಯುತ್ತದೆ. ಮಣ್ಣಿನ ಗೋಡೆಗೆ ನುಣುಪು ಸಲ್ಲುವುದೂ ಇಲ್ಲ.

ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳ. ಇನ್ನೊಂದು ಗೀಟು ಹಾಕಲು ಗಿಡದ ಕಡೆ ನೋಡದೆ ಹಾಳೆಯ ಕಡೆಯೇ ನೋಡತೊಡಗಿದಿರೆಂದರೆ ಪೆನ್ಸಿಲ್ ಕೆಳಗಿಡುವ ಹೊತ್ತಾಯಿತು.

ಇಂಥ ಚಿತ್ರಗಳನ್ನು ಒಳ್ಳೆಯ ಪುಸ್ತಕದಲ್ಲೇ ಬರೆಯಬೇಕೆಂದಿಲ್ಲ. ಸೆಜಾನನ ನೂರಾರು ಪೆನ್ಸಿಲ್ ಚಿತ್ರಗಳಿರುವುದು ಜೇಬಿಗೋ ಚೀಲಕ್ಕೋ ಹಿಡಿಯುವ ಸಣ್ಣ ಪುಸ್ತಕಗಳಲ್ಲಿ. ಆಡ್ರಿಯನ್ ಶಾಪ್ಯುಯಿ 1973ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಅವನ ರೇಖಾಚಿತ್ರಗಳು ಸಾವಿರದ ಇನ್ನೂರನ್ನು ದಾಟುತ್ತವೆ. 2021ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಅವನ ಕಾಗದದ ಮೇಲಿನ ಕೆಲಸವನ್ನೇ ಮುಂದಿಟ್ಟುಕೊಂಡು ದೊಡ್ಡ ಪ್ರದರ್ಶನ ಮಾಡಿತು. ಅವನ ಆ ಸಣ್ಣ ಪುಸ್ತಕಗಳ ಪುಟಗಳಲ್ಲಿ ಕ್ರಮವಿಲ್ಲ. ಕೆಲವು ಚಿತ್ರ ತಲೆಕೆಳಗಾಗಿವೆ, ಒಂದೇ ಪುಟದಲ್ಲಿ ಹೆಂಡತಿಯ ಮುಖದ ಪಕ್ಕ ಬೇರೆ ಯಾವುದೋ ವಸ್ತು, ಕೆಲವೆಡೆ ಚಿಕ್ಕ ಮಗ ಗೀಚಿದ ಗೆರೆಗಳು. ಅವನು ಮಗನನ್ನು ತಡೆದಿಲ್ಲ, ಪುಟ ಹರಿದುಹಾಕಿಯೂ ಇಲ್ಲ. ಕಾಗದದ ಬಗ್ಗೆ ಒಂದು ಎಚ್ಚರಿಕೆ ಸಾಕು. ಗ್ರಾಫೈಟ್ ಇಂಗಾಲ, ಬಿಸಿಲಿಗೆ ಮಾಸುವುದಿಲ್ಲ. ಮಾಸುವುದು ಅಗ್ಗದ ಕಾಗದ. ಅದು ಹಳದಿಯಾಗಿ ಮುರಿಯುತ್ತದೆ. ಆದ್ದರಿಂದ ಹಾಳೆ ತುಸು ದಪ್ಪದ್ದಿರಲಿ, ಮೂಲೆಯಲ್ಲಿ ತಾರೀಖು, ಊರು ಮತ್ತು ಗಿಡದ ಹೆಸರಿರಲಿ. ಗೋಡೆ ಯಾರ ಹಿತ್ತಲಿನದೆಂದು ಬರೆದಿಟ್ಟರೆ ಇನ್ನೂ ಒಳ್ಳೆಯದು. ಮಣ್ಣು ಕೆಡವಿ ಸಿಮೆಂಟು ಇಟ್ಟಿಗೆ ಕಟ್ಟುವ ಕೆಲಸ ಎಲ್ಲ ಓಣಿಗಳಲ್ಲೂ ನಡೆದಿದೆ; ಮುಂದಿನ ವರ್ಷ ಅದೇ ಗಿಡವನ್ನು ಹೊಸ ಗೋಡೆಯ ಪಕ್ಕ ಬರೆಯಬೇಕಾದೀತು, ಆಗ ಗೀಟುಗಳ ಲೆಕ್ಕ ಮೊದಲಿನಿಂದ ಹಾಕಬೇಕು.